ಅಪ್ಪನ ಕಾಡು

"ಯಾರ್ರೀ ಇಲ್ಲಿ ಸರಳಾ ಅನ್ನೋರು?"

ಬಾಗಿಲಲ್ಲಿ ನಿಂತು ಕೂಗಿದವನ ದನಿ ಕಿವಿಗೆ ಬಿದ್ದದ್ದೇ ತಡ, ಸರಳಾಳ ಕೈಯಲ್ಲಿದ್ದ ಮೌಸ್ ಅಲ್ಲೇ ನಿಂತಿತು.

ಈ ದನಿ... ಅವನದೇ!

ಅವನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಕಪ್ಪೋ ಕೆಂಪೋ, ಕುಳ್ಳೋ ಉದ್ದವೋ, ಒಂದೂ ಗೊತ್ತಿರಲಿಲ್ಲ. ಆದರೆ ಆ ದನಿ ಮಾತ್ರ ತಿಂಗಳುಗಟ್ಟಲೆ ಹೆಡ್‌ಫೋನಿನೊಳಗಿಂದ ಅವಳ ಕಿವಿಯಲ್ಲೇ ವಾಸವಾಗಿತ್ತು. ಅವನು ಸುಮ್ಮನೆ ಕೆಮ್ಮಿದರೂ ಗುರುತು ಹಿಡಿಯುತ್ತಿದ್ದಳು!

"ನಾನೇ. ಏನಾಗ್ಬೇಕಿತ್ತು?" ಎಂದಳು, ಆದಷ್ಟು ಗತ್ತಿನಿಂದ.

"ನಾನು ಭೈರೇಶ. ನಾಟ್ರಾಂಪಾಳ್ಯದೋನು. ಬಿಸ್ಲಲ್ಲಿ ಬೆಟ್ಟ ಹತ್ತಿ ಇಳ್ದು ಪಾಯಿಂಟ್ ಕಳಿಸ್ತೀನಿ. ನೀವು ಏಸಿ ರೂಮಲ್ಲಿ ಕುಂತ್ಕಂಡು 'ಸ್ಪಷ್ಟವಾಗಿಲ್ಲ, ಮತ್ತೆ ಹೋಗಿ' ಅಂತ ವಾಪಸ್ ಕಳಿಸ್ತೀರ. ಏನ್ರೀ ಸ್ಪಷ್ಟವಾಗಿಲ್ಲ?"

"ಏಸಿ ಎಲ್ಲೈತೆ ಸ್ವಾಮಿ? ಫ್ಯಾನೇ ತಿರ್ಗಲ್ಲ ಇಲ್ಲಿ!" ಸರಳಾಳಿಗೂ ರೇಗಿತು. "ಗಾಳಿ ಸದ್ದು, ಮೇಕೆ ಸದ್ದು, ಯಾವ್ದೋ ಅಜ್ಜಿ ಬಯ್ಯೋ ಸದ್ದು. ಇಷ್ಟರ ಮಧ್ಯೆ ನಿಮ್ಮ ಮಾತು ಎಲ್ಲಿ ಹುಡುಕ್ಲಿ?"

ಅವನು ತಲೆ ಕೆರೆದುಕೊಂಡು, "ಆ ಅಜ್ಜಿ ಬೈದಿದ್ದು ನನ್ನೇ. ಅವರೆಕಾಯಿ ಕದಿಯಾಕೆ ಬಂದವ್ನೆ ಅಂದ್ಕಂಡ್ಳು" ಎಂದ.

ಸರಳಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಅವನೂ ನಕ್ಕ. ಜಗಳಕ್ಕೆಂದು ಬಂದವನು ಕೆಳಗಿನ ಬೇಕರಿಯಿಂದ ಟೀ ತರಿಸಿ ಕುಡಿದು ಹೋದ!

ಅವನು ಹೋದ ಮೇಲೆ ಸರಳಾ ಯಾರಿಗೂ ಕಾಣದಂತೆ ಹೆಡ್‌ಫೋನ್ ಹಾಕಿಕೊಂಡಳು. ಒಂದು ಧ್ವನಿಮುದ್ರಣವನ್ನು ಮತ್ತೆ ಕೇಳಿದಳು. ಅದನ್ನು ಅವಳು ಎಷ್ಟು ಸಲ ಕೇಳಿದ್ದಳೋ ದೇವರಿಗೇ ಗೊತ್ತು.

ಅದರಲ್ಲಿ ಬೀಸುಗಾಳಿಯ ನಡುವೆ ಅವನ ದನಿ ಮೆತ್ತಗೆ ಹೇಳುತ್ತಿತ್ತು: "ಇದು ನಮ್ಮಪ್ಪನ ಕಾಡು..."

ಅಷ್ಟೇ. ಆ ಮೂರು ಪದಕ್ಕೆ ಹುಡುಗಿ ಮನಸ್ಸು ಕೊಟ್ಟುಬಿಟ್ಟಿದ್ದಳು. ಕಾಡನ್ನು ಯಾರಾದರೂ ಅಪ್ಪನದು ಅನ್ನುತ್ತಾರೆಯೇ? ಎಂಥ ಮನಸ್ಸಿರಬೇಕು ಈ ಮನುಷ್ಯನಿಗೆ! ಮರಗಿಡವನ್ನೆಲ್ಲ ಸ್ವಂತ ಮನೆಯವರಂತೆ ನೋಡುವವನು ಕಟ್ಟಿಕೊಂಡವಳನ್ನು ಹೇಗೆ ನೋಡಿಕೊಂಡಾನು...!

ಇಪ್ಪತ್ತಾರರ ಹುಡುಗಿಯ ಮನಸ್ಸು ನೋಡಿ, ಎಲ್ಲಿಂದ ಎಲ್ಲಿಗೆ ಓಡಿತು!

ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಸಂಕಟವೆಲ್ಲ ಹುಟ್ಟಿದ್ದು ಅದರಲ್ಲೇ.

ಹೊಸೂರಿನ ಬಾಗಲೂರು ರಸ್ತೆಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು ಆ ಪುಟ್ಟ ಕಂಪನಿ. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವ ಭೂಮಿಯ ಚಿತ್ರಗಳನ್ನು ನೋಡಿ, ಯಾವುದು ಹೊಲ, ಯಾವುದು ಕಾಡು, ಯಾವುದು ಕೆರೆ ಎಂದು ತಾನೇ ಗುರುತಿಸುವ ಎಐ ಒಂದನ್ನು ಅಲ್ಲಿ ತಯಾರು ಮಾಡುತ್ತಿದ್ದರು. ಆದರೆ ಅದಕ್ಕೆ ಮೊದಲು ಯಾರಾದರೂ ಕಲಿಸಬೇಕಲ್ಲ? ಭೈರೇಶನಂಥವರು ಊರೂರು ಸುತ್ತಿ, ಒಂದೊಂದು ಜಾಗದಲ್ಲಿ ನಿಂತು, ಫೋನಿನಲ್ಲಿ ಆ ಜಾಗವನ್ನು ಗುರುತು ಮಾಡಿ, ಅಲ್ಲೇನಿದೆ ಎಂದು ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಸರಳಾ ಅದನ್ನು ಕೇಳಿ, ಪರದೆಯ ಮೇಲೆ ಆ ತುಂಡಿಗೆ ಬಣ್ಣ ತುಂಬುತ್ತಿದ್ದಳು. ಹೊಲಕ್ಕೆ ಹಳದಿ, ಕೆರೆಗೆ ನೀಲಿ, ಕಾಡಿಗೆ ಕಡುಹಸಿರು. ಅವಳು ತುಂಬಿದ ಬಣ್ಣ ನೋಡಿ ನೋಡಿಯೇ ಎಐ ಕಲಿಯುತ್ತಿತ್ತು.

ನಕ್ಷೆ ಬೇಕಾಗಿದ್ದುದು ಅಂಚೆಟ್ಟಿ ಕಡೆ ಕೆಲಸ ಮಾಡುವ ಒಂದು ಟ್ರಸ್ಟ್‌ನವರಿಗೆ. ಆನೆಗಳ ಹಾವಳಿ ಆ ಬೆಟ್ಟದ ಊರುಗಳಿಗೆ ಹೊಸದೇನಲ್ಲ. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಆನೆ ಎಲ್ಲಿದೆ ಎಂದು ಹೇಳುತ್ತವೆ. ಆ ಜಾಗ ಕಾಡೋ ಹೊಲವೋ ಎಂದು ನಕ್ಷೆ ಹೇಳುತ್ತದೆ. ಆನೆ ಹೊಲಕ್ಕೆ ಕಾಲಿಟ್ಟರೆ ಸಾಕು, ಆ ಹೊಲದವರ ಫೋನು ಬಡಿದುಕೊಳ್ಳುತ್ತದೆ. ಕಾಡೊಳಗೇ ಇದ್ದರೆ ಫೋನು ಸುಮ್ಮನಿರುತ್ತದೆ. ಆನೆ ಕಾಡಿನಲ್ಲಿದ್ದರೆ ಯಾರಿಗೇನು ತೊಂದರೆ?

ಅಷ್ಟೇ ಸರಳ ಏರ್ಪಾಡು ಅದು.

* * *

ಜಗಳದಿಂದ ಶುರುವಾದದ್ದು ಟೀಗೆ ಇಳಿಯಿತು, ಟೀಯಿಂದ ಫೋನಿಗೆ ಹತ್ತಿತು. ಭೈರೇಶ ಬೆಟ್ಟದ ಕಡೆ ಸರ್ವೆಗೆ ಹೋದಾಗಲೆಲ್ಲ ಏನಾದರೂ ತರುತ್ತಿದ್ದ. ಒಂದು ದಿನ ಹುಣಸೆ ಚಿಗುರು, ಒಂದು ದಿನ ಸೊಗಡಿನ ಅವರೆಕಾಯಿ.

"ಇದೂ ಕದ್ದಿದ್ದಾ?" ಎಂದು ಸರಳಾ ಕಣ್ಣರಳಿಸಿದರೆ, "ಕದಿಯೋದು ಬಿಟ್ಬುಟ್ಟೆ. ಒಂದು ದೊಡ್ಡ ಕಳ್ತನಕ್ಕೆ ಹೊಂಚು ಹಾಕ್ತಿವ್ನಿ" ಎಂದು ಅವಳನ್ನೇ ನೋಡುತ್ತಿದ್ದ. ಸರಳಾಳ ಕಿವಿ ಕೆಂಪಗಾಗುತ್ತಿತ್ತು.

ಅವಳದು ಗಡಿಯ ಗುಮ್ಮಳಾಪುರ. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಕನ್ನಡ. ಅವನದು ಅಂಚೆಟ್ಟಿ ದಾಟಿ ಮೇಲೆ ಹತ್ತಿದರೆ ಸಿಗುವ ನಾಟ್ರಾಂಪಾಳ್ಯ. ಅಲ್ಲಿ ಒಂದೇ ಮಾತಿನೊಳಗೆ ತಮಿಳು ಕನ್ನಡ ಎರಡೂ ಕಲಸಿ ಬರುತ್ತಿದ್ದವು. ಅವನು ಅವಸರದಲ್ಲಿ ತಮಿಳಿಗೆ ಜಾರಿದರೆ ಅವಳು, "ಕನ್ನಡಕ್ಕೆ ಬಾರಪ್ಪ!" ಎಂದು ರೇಗಿಸುವಳು.

ಒಂದು ಸಂಜೆ ಅವನು ಫೋನನ್ನು ಅಪ್ಪನ ಕೈಗೆ ಕೊಟ್ಟ.

"ಏನವ್ವ, ಆಕಾಶದಿಂದ ನಮ್ಮನ್ನ ನೋಡೋ ಹುಡ್ಗಿ ನೀನೇನಾ?" ಬಚ್ಚಪ್ಪನ ದನಿಯಲ್ಲಿ ನಗುವಿತ್ತು.

ಸರಳಾ ನಾಚಿ ನೀರಾದಳು. "ನಾನಲ್ಲ ಮಾವ... ಉಪಗ್ರಹ."

ಮಾವ ಎಂದು ಬಾಯಿತಪ್ಪಿ ಬಂದೇಬಿಟ್ಟಿತ್ತು! ಆ ಕಡೆ ಭೈರೇಶ ಕೇಕೆ ಹಾಕಿದ್ದು ಕೇಳಿಸಿತು.

"ಎರಡೂ ಒಂದೇ ಬಿಡವ್ವ. ರಾಗಿ ತೆನೆ ಬಂದ್ರೆ ಈ ಅಟ್ಟಣೆ ಮ್ಯಾಲೆ ನಾನು ಕಣ್ ಮುಚ್ದೋನಲ್ಲ. ತಮಟೆ ಬಡ್ಕಂಡು ಕೂತಿರ್ತಿದ್ದೆ. ಈ ವರ್ಸ ನನ್ ಮಗ ಮಲಿಕ್ಕಳಪ್ಪ, ಫೋನ್ ಕೂಗ್ತದೆ ಅಂತವ್ನೆ. ನೀನು ನೋಡ್ಕಂತಿರ್ತೀಯಲ್ಲ, ಧೈರ್ಯವಾಗಿ ಮಲಿಕ್ಕಂತೀನಿ."

"ಮಲಿಕ್ಕಳಿ ಮಾವ. ನಾವೆಲ್ಲ ಇದೀವಲ್ಲ" ಎಂದಳು ಸರಳಾ.

ಎಷ್ಟು ಹಗುರವಾಗಿ ಅಂದುಬಿಟ್ಟಳು!

ಕೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ, ಅವಳನ್ನು ಊರಿನ ಬಸ್ಸಿಗೆ ಹತ್ತಿಸುವಾಗ, ಭೈರೇಶ ಕಿಟಕಿಯ ಸರಳು ಹಿಡಿದು ನಿಂತ.

"ರಾಗಿ ಕುಯ್ಲು ಮುಗೀಲಿ ಸರಳಾ. ಅಪ್ಪನ್ನ ಕರ್ಕಂಡು ನಿಮ್ಮನೆಗೆ ಬತ್ತೀನಿ. ಹೆಣ್ಣು ಕೇಳಾಕೆ."

"ಬರ್ದೇ ಹೋದ್ರೆ?"

"ಬರ್ದೇ ಎಲ್ಲೋಗ್ಲಿ ಹೇಳು?"

ಬಸ್ಸು ಹೊರಟಿತು. ಊರು ಬರುವವರೆಗೂ ಸರಳಾ ಒಬ್ಬಳೇ ನಗುತ್ತಿದ್ದಳು. ಪಕ್ಕದ ಸೀಟಿನ ಹೆಂಗಸು, ಈ ಹುಡುಗಿಗೆ ಏನಾಗಿದೆ ಎಂದು ಎರಡು ಸಲ ತಿರುಗಿ ನೋಡಿದಳು.

* * *

ಕುಯ್ಲಿಗೆ ಇನ್ನೇನು ಕುಡುಗೋಲು ಮಸೆಯಬೇಕು ಅನ್ನುವಾಗ ಆ ಸುದ್ದಿ ಬಂತು.

ಬೆಳಿಗ್ಗೆ ಸರಳಾ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಳು. ಕೆಲಸ ನೋಡಿಕೊಳ್ಳುವ ಲಕ್ಷ್ಮೀಪತಿ ಸಾರ್ ಕೆಳಗಿಳಿದು ಬರುತ್ತಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ಸರಳಾ... ನಮ್ಮ ಭೈರೇಶ್ ತಂದೆ ಹೋಗ್ಬಿಟ್ರಮ್ಮ. ಆನೆ..."

"ಸುಳ್ಳು ಸಾರ್! ಫೋನ್ ಕೂಗುತ್ತಲ್ಲ?"

ಲಕ್ಷ್ಮೀಪತಿ ತಲೆ ತಗ್ಗಿಸಿದರು. "ಕೂಗಲಿಲ್ಲವಂತೆ. ಅಟ್ಟಣೆ ಕೆಳಗೆ ನಿದ್ದೇಲಿದ್ರಂತೆ."

ಇಬ್ಬರೂ ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯ ತಲುಪುವಾಗ ಮನೆಯ ಮುಂದೆ ಜನ ಸೇರಿದ್ದರು. ಚಪ್ಪರದ ಕೆಳಗೆ ಬಚ್ಚಪ್ಪ ಮಲಗಿದ್ದ. ದನಿ ಮಾತ್ರ ಕೇಳಿದ್ದ ಮನುಷ್ಯನ ಮುಖವನ್ನು ಸರಳಾ ಮೊದಲ ಸಲ ನೋಡಿದ್ದು ಹೀಗೆ. ಹೆಂಡತಿ ಅಂಜಮ್ಮ ಅಳುತ್ತಿರಲಿಲ್ಲ. ಗಂಡನ ಪಾದ ಹಿಡಿದು ಸುಮ್ಮನೆ ಕೂತಿದ್ದಳು.

ನೆರೆಮನೆಯ ಮುದುಕಿ ಕನಕಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು.

"ಕಾಡೆಲ್ಲ ರಾಗಿ ತೆನೆ ಬಗ್ಗಿ ನಿಂತೈತಲ್ಲೋ ಬಚ್ಚಪ್ಪಾ... ನಿನ್ ಕಾಡು ಯಾರೋ ಕುಯ್ಯೋರು...!"

ಸರಳಾ ಚಕ್ಕನೆ ತಲೆಯೆತ್ತಿದಳು.

ಕಾಡೆಲ್ಲ... ರಾಗಿ?

ಮುದುಕಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

"ಅಜ್ಜೀ... ಕಾಡಲ್ಲಿ ರಾಗೀನಾ?"

"ಊಂ ಕಣವ್ವ. ರಾಗಿ ಕಾಡಲ್ದೆ ಇನ್ನೆಲ್ಲಿ ಬೆಳೀತಾರೆ?" ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಇಳಿಜಾರಿನತ್ತ ಕೈ ತೋರಿಸಿದಳು. "ಅಗೋ, ಆ ಹುಣಸೆ ಮರಗಳ ನಡುವೆ ಕಾಣ್ತದಲ್ಲ, ಅದೇ ಬಚ್ಚಪ್ಪನ ಕಾಡು."

"ಮತ್ತೆ... ಆನೆಗಳಿರೋದು?"

"ಅದು ಅಡವಿ ಕಣವ್ವ!"

ಸರಳಾ ಇಳಿಜಾರಿನತ್ತ ತಿರುಗಿದಳು.

ಅಯ್ಯೋ ದೇವರೇ! ಇವರ ಮಾತಿನಲ್ಲಿ ಕಾಡು ಎಂದರೆ ಹೊಲ. ಮಳೆ ನಂಬಿ ಬಿತ್ತುವ ಹೊಲ! ತಮಿಳಿನಿಂದ ಬಂದು ಮನೆಮಾತಿನಲ್ಲಿ ಕೂತುಬಿಟ್ಟ ಅರ್ಥ ಅದು. 'ಇದು ನಮ್ಮಪ್ಪನ ಕಾಡು' ಎಂದು ಅವನು ಹೇಳಿದ್ದು ತನ್ನಪ್ಪನ ಹೊಲದಲ್ಲಿ ನಿಂತು. ಅವಳು ಅದಕ್ಕೆ ಕಡುಹಸಿರು ಬಣ್ಣ ತುಂಬಿದ್ದಳು. ಆನೆ ಬಂದಾಗ ಎಐ ಅವಳು ಕಲಿಸಿದ್ದನ್ನೇ ಹೇಳಿತ್ತು. ಕಾಡಿನಲ್ಲಿ ಆನೆ ಇದೆ, ಯಾರನ್ನೂ ಎಬ್ಬಿಸಬೇಕಾಗಿಲ್ಲ.

ನಾನು... ನಾನೇ...

ಅವಳು ಕಂಬ ಹಿಡಿದು ಎದ್ದಳು. ಎದುರಿಗೆ ಭೈರೇಶ ನಿಂತಿದ್ದ. ಕಣ್ಣುಗಳು ಕೆಂಡದ ಹಾಗಿದ್ದವು. ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಮುಖ ತಿರುಗಿಸಿ ಒಳಗೆ ಹೋಗಿಬಿಟ್ಟ.

ಅವನಿಗೆ ಗೊತ್ತಾಗಿದೆ! ಹಾಗೆಂದುಕೊಂಡಳು ಸರಳಾ. ಅಪ್ಪನನ್ನು ಕೊಂದವಳು ಮನೆಯಂಗಳಕ್ಕೆ ಬಂದು ನಿಂತಿದ್ದರೆ ಯಾವ ಮಗ ತಾನೇ ಮುಖ ನೋಡಿಯಾನು?

* * *

ಮರುದಿನ ಲಕ್ಷ್ಮೀಪತಿಯವರ ಮುಂದೆ ಕೂತು ಅವಳು ಎಲ್ಲವನ್ನೂ ಹೇಳಿದಳು. ತೆಲುಗು ಮನೆಮಾತಿನ ಅವರಿಗೂ ಆ ಪದದ ಈ ಅರ್ಥ ಹೊಸದಾಗಿತ್ತು. ಇಬ್ಬರೂ ನಕ್ಷೆ ತೆರೆದರು. ಬಚ್ಚಪ್ಪನ ಹೊಲ ಒಂದೇ ಅಲ್ಲ, ಅದನ್ನು ನೋಡಿ ಕಲಿತ ಎಐ ಅಂಥದ್ದೇ ಮರದ ಸಾಲಿರುವ ಇಳಿಜಾರಿನ ಹೊಲಗಳನ್ನೆಲ್ಲ ಕಾಡು ಮಾಡಿಟ್ಟಿತ್ತು. ಲಕ್ಷ್ಮೀಪತಿ ಹಣೆ ಒತ್ತಿಕೊಂಡರು. ಟ್ರಸ್ಟ್‌ನವರಿಗೆ ಆಗಲೇ ಫೋನ್ ಮಾಡಿ, ಈ ಬೆಟ್ಟದ ಮಟ್ಟಿಗೆ ನಕ್ಷೆ ನಂಬಬೇಡಿ, ಆನೆ ಎಲ್ಲಿ ಕಂಡರೂ ಎಲ್ಲರ ಫೋನೂ ಕೂಗಲಿ ಎಂದರು.

"ನಾನೂ ನೋಡಬೇಕಿತ್ತಮ್ಮ. ನೀನೊಬ್ಬಳೇ ಹೊತ್ತುಕೊಳ್ಳಬೇಡ" ಎಂದರು ಅವರು.

ಹೊತ್ತುಕೊಳ್ಳಬೇಡ ಅಂದರೆ ಇಳಿಯುವ ಭಾರವೇ ಅದು?

ಸರಳಾ ಜ್ವರ ಹಿಡಿದು ಮಲಗಿದಳು. ಅವಳು ರಜೆಯಲ್ಲಿದ್ದಾಗ ಭೈರೇಶ ಆಫೀಸಿಗೆ ಬಂದಿದ್ದನಂತೆ. ತನ್ನ ಊರಿನ ಧ್ವನಿಮುದ್ರಣ ಕೇಳಬೇಕು ಎಂದನಂತೆ. ಕೇಳಿ ಹೆಡ್‌ಫೋನ್ ಕೆಳಗಿಟ್ಟು, ಕೆಲಸ ಬಿಡ್ತೀನಿ ಸಾರ್ ಎಂದಷ್ಟೇ ಹೇಳಿ ಹೊರಟುಹೋದನಂತೆ.

ಅವನ ಫೋನು ಅವತ್ತಿನಿಂದ ಸ್ವಿಚ್ಡ್ ಆಫ್.

"ಆ ಹುಡ್ಗ ಬತ್ತೀನಿ ಅಂದಿದ್ನಲ್ಲೇ?" ಎಂದು ಅಮ್ಮ ಸಂಕ್ರಾಂತಿಯ ದಿನ ಕೇಳಿದಳು.

"ಬರಲ್ಲಮ್ಮ."

"ಯಾಕೇ? ಜಗಳ ಆಡಿದ್ರಾ?"

ಜಗಳವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಸರಳಾ ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಹಗಲೆಲ್ಲ ಪರದೆಯ ಮುಂದೆ ಕೂರುತ್ತಿದ್ದಳು. ಒಂದು ತುಂಡಿಗೆ ಬಣ್ಣ ತುಂಬಬೇಕಾದರೂ ನಾಲ್ಕು ನಾಲ್ಕು ಸಲ ಧ್ವನಿಮುದ್ರಣ ಕೇಳುತ್ತಿದ್ದಳು. ಇಲ್ಲಿ ಯಾರು ಮಲಗಿದ್ದಾರೋ...? ಯಾರ ಅಪ್ಪನೋ...?

ಮೊದಲ ಮಳೆ ಬಿದ್ದಾಗ ಲಕ್ಷ್ಮೀಪತಿ ಹೇಳಿದರು, "ನಾಟ್ರಾಂಪಾಳ್ಯದ ಹೊಲಗಳನ್ನೆಲ್ಲ ಹೊಸದಾಗಿ ಗುರುತು ಮಾಡಬೇಕು. ಬಿತ್ತನೆಗೆ ಮುಂಚೆ ನಕ್ಷೆ ಸರಿಯಾಗಬೇಕು. ಹೋಗೋರು ಯಾರೂ ಸಿಗ್ತಿಲ್ಲ."

"ನಾನು ಹೋಗ್ತೀನಿ ಸಾರ್."

"ಸರಳಾ, ಅಲ್ಲಿ ನಿನಗೆ..."

"ನಾನೇ ಹೋಗ್ಬೇಕು ಸಾರ್."

* * *

ಅಂಜಮ್ಮ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಸರಳಾಳನ್ನು ನೋಡಿ ಮೊರ ಕೆಳಗಿಟ್ಟಳು.

"ಬಾರವ್ವ. ಬಿಸ್ಲಲ್ಲಿ ಬಂದೀಯ. ನೀರು ಕುಡಿ."

ಆ ನೀರನ್ನು ಹೇಗೆ ಕುಡಿಯುವುದು? ಸರಳಾ ಚೊಂಬನ್ನು ಕೈಯಲ್ಲಿ ಹಿಡಿದೇ ನಿಂತಳು. ಕುಡಿಯುವ ಮೊದಲೇ ಹೇಳಿಬಿಡಬೇಕು ಎನ್ನಿಸಿತು. ಹೇಳಿದಳು. ಪದ ಕೇಳಿದ್ದು, ಬಣ್ಣ ತುಂಬಿದ್ದು, ಫೋನು ಕೂಗದೆ ಹೋದದ್ದು... ಎಲ್ಲ.

ಅಂಜಮ್ಮ ಮೊರದಲ್ಲಿದ್ದ ಹುರುಳಿಯನ್ನು ಸುಮ್ಮನೆ ಬೆರಳಿನಿಂದ ಸರಿಸುತ್ತಿದ್ದಳು.

"ಅವ್ನೂ ಹಿಂಗೇ ಅಂತಾನೆ" ಎಂದಳು ಕೊನೆಗೆ.

"ಯಾರಮ್ಮ?"

"ನನ್ ಮಗ. ನನ್ ಬಾಯಿಂದ್ಲೇ ಅಪ್ಪ ಹೋದ ಅಂತಾನೆ. ನಾನೇ ಮಲಿಕ್ಕ ಅಂದೆ, ನಾನೇ ತಪ್ಪು ಹೇಳ್ದೆ ಅಂತಾನೆ. ಉಣ್ಣಲ್ಲ, ಯಾರ ಜೊತೇನೂ ಮಾತಿಲ್ಲ. ಈಗ ನೀನು ಬಂದು ನಾನು ಅಂತೀಯ." ಅಂಜಮ್ಮನ ಕಣ್ಣು ತುಂಬಿತು. "ನಂಗೆ ಸಿಟ್ಟು ಬರಲ್ಲ ಅಂದ್ಕಬ್ಯಾಡ. ಬತ್ತದೆ. ಯಾರ್ ಮ್ಯಾಲೆ ಅಂತ ಗೊತ್ತಾಗಲ್ಲ, ಅಷ್ಟೇ. ಗಂಡ ಹೋದ. ಮಗ್ನೂ ಹಂಗೇ ಒಣಗೋಗ್ತಾ ಅವ್ನೆ. ಕಾಡ್ ಕಡೆ ತಲೇನೇ ಹಾಕ್ದೇ ಇದ್ದೋನು ಇವತ್ತು ಅಟ್ಟಣೆ ಕಿತ್ತಾಕ್ತೀನಿ ಅಂತ ಹೋಗವ್ನೆ. ಹೋಗವ್ವ... ಅವನ್ನ ಮಾತಾಡ್ಸು."

ಸರಳಾ ಚೊಂಬೆತ್ತಿ ನೀರು ಕುಡಿದಳು.

ಅವನು... ತನ್ನ ಮೇಲೆಯೇ ಹೊರಿಸಿಕೊಂಡಿದ್ದನೇ? ಇಷ್ಟು ದಿನ?

* * *

ಹುಣಸೆ ಮರಗಳ ನಡುವಿನ ಹೊಲದಲ್ಲಿ ಊರವರು ಕುಯ್ದುಕೊಟ್ಟ ರಾಗಿಯ ಕೂಳೆ ಕಪ್ಪಾಗಿ ನಿಂತಿತ್ತು. ಯಾರೂ ಉತ್ತಿರಲಿಲ್ಲ. ಭೈರೇಶ ಅಟ್ಟಣೆಯ ಕಂಬವೊಂದನ್ನು ತಬ್ಬಿ ಅಲುಗಾಡಿಸುತ್ತಿದ್ದ. ಮೈ ಅರ್ಧ ಆಗಿತ್ತು, ಗಡ್ಡ ಬೆಳೆದಿತ್ತು.

ಅವಳನ್ನು ಕಂಡು ಕೈಬಿಟ್ಟ.

"ಯಾಕ್ ಬಂದೆ?"

ಆ ದನಿ! ಎಷ್ಟು ಬತ್ತಿಹೋಗಿತ್ತು ಅದು...!

"ಪಾಯಿಂಟ್ ತಗಳೋಕೆ" ಎಂದಳು. ತಕ್ಷಣ ತಲೆಯಾಡಿಸಿದಳು. "ಅಲ್ಲ. ನಿನ್ನ ನೋಡೋಕೆ. ಬೈಯ್ತೀಯೇನೋ ಅಂತ. ಬೈದ್ರೂ ಪರವಾಗಿಲ್ಲ, ಒಂದ್ಸಲ ಮಾತಾಡಿದ್ರೆ ಸಾಕು ಅಂತ..."

"ನಿನ್ನ ಯಾಕೆ ಬಯ್ಲಿ?"

"ಬಣ್ಣ ತುಂಬ್ದೋಳು ನಾನು ಭೈರೇಶ್."

"ಗೊತ್ತು."

"ಗೊತ್ತಾ? ಹೇಗೆ?"

"ಆಫೀಸ್‌ಗೆ ಬಂದಾಗ್ಲೇ ನೋಡ್ದೆ. ನಿನ್ ಹೆಸ್ರಿತ್ತು." ಅವನು ಕಂಬಕ್ಕೆ ಒರಗಿ ಕುಸಿದು ಕೂತ. "ನೀನು ಕೇಳಿದ್ದನ್ನ ಬರ್ದೆ. ಹೇಳಿದ್ದು ನಾನಲ್ವಾ? ನಿಮ್ಮೂರ್ ಕಡೆ ಬಂದ್ರೆ ಹೊಲ ಅಂತೀನಿ. ಕೆಲಮಂಗ್ಲದಲ್ಲೂ ಹೊಲ ಅಂತೀನಿ. ಅಪ್ಪನ್ ಮಣ್ಣಲ್ಲಿ ನಿಂತ್ಕಂಡಾಗ ಬಾಯಿ ತಂತಾನೆ ಮನೆ ಮಾತು ಆಡ್ಬುಡ್ತು. ಮಲಿಕ್ಕಳಪ್ಪ ಅಂದೋನೂ ನಾನೇ. ಅವತ್ತು ನಿನ್ ಮುಖ ಹೆಂಗ್ ನೋಡ್ಲಿ? ಯಾರ್ ಮುಖಾನೂ ನೋಡಾಕ್ ಆಗ್ಲಿಲ್ಲ ನಂಗೆ."

"ಫೋನ್ ಯಾಕೆ ಆಫ್ ಮಾಡ್ದೆ? ನಾನು ಸತ್ತೇ ಹೋಗ್ತೀನೇನೋ ಅನ್ನಿಸ್ತಿತ್ತು!"

"ನಿಂಗೆ ಈ ವಿಸ್ಯ ಗೊತ್ತಿಲ್ಲ ಅಂದ್ಕಂಡಿದ್ದೆ. ಹತ್ರ ಇದ್ರೆ ಒಂದಿನ ಬಾಯ್ ಬಿಟ್ಬುಡ್ತೀನಿ, ನೀನಾದ್ರೂ ನೆಮ್ಮದಿಯಾಗಿರ್ಲಿ ಅಂತ..."

ಎಂಥ ಹುಚ್ಚು ಜನ ನೋಡಿ! ಅವಳು ಅವನ ಸಿಟ್ಟಿಗೆ ಹೆದರಿ ದೂರ ನಿಂತಳು, ಅವನು ಅವಳಿಗೆ ನೋವಾಗುತ್ತದೆಂದು ದೂರ ನಿಂತ. ನಡುವೆ ಒಂದು ಬೇಸಿಗೆ ಇಡೀ ಹಾಗೇ ಉರಿದುಹೋಯಿತು.

ಸರಳಾ ಈಗ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಡಬಹುದಿತ್ತು. ಎಲ್ಲ ಸರಿಹೋಗುತ್ತಿತ್ತು. ಆದರೆ ಅವನಿಗೆ ಗೊತ್ತಿಲ್ಲದ್ದು ಇನ್ನೂ ಒಂದಿತ್ತು. ಅದನ್ನು ಹೇಳಿದರೆ ಇವನು ಕೈಗೆ ಸಿಗದೆ ಹೋಗಬಹುದು. ಹೇಳದಿದ್ದರೆ? ಹೇಳದೆ ಇವನ ಪಕ್ಕ ಒಂದು ದಿನವಾದರೂ ನೆಟ್ಟಗೆ ಮಲಗಲು ಸಾಧ್ಯವೇ?

"ಇನ್ನೊಂದಿದೆ" ಎಂದಳು. "ನೀನು ಅಲ್ಲಿ ಯಾವ ಬೆಳೆ, ಯಾವ ಮರ ಅಂತ ಹೇಳಿರ್ಲಿಲ್ಲ. ಹೊಲವಾಗ್ಲಿ ಕಾಡಾಗ್ಲಿ, ಅದು ಹೇಳ್ದೆ ಇದ್ರೆ ವಾಪಸ್ ಕಳಿಸ್ಬೇಕು, ಅದೇ ರೂಲು. ನಿನ್ನವು ಎಲ್ಲಾ ಕಳಿಸ್ತಿದ್ನಲ್ಲ... ಇದೊಂದು ಕಳಿಸ್ಲಿಲ್ಲ."

"ಯಾಕೆ?"

"ವಾಪಸ್ ಕಳಿಸಿದ್ರೆ ಆ ದನಿ ಅಳಿಸಿ ಹೋಗುತ್ತೆ. ನಮ್ಮಪ್ಪನ ಕಾಡು ಅಂದ್ಯಲ್ಲ... ಅದನ್ನ ಕೇಳೇ ನಿನ್ನ ಇಷ್ಟಪಟ್ಟಿದ್ದು ನಾನು. ನಿನ್ನ ಮುಖ ನೋಡೋಕ್ ಮುಂಚೆ. ದಿನಾ ಕೇಳ್ತಿದ್ದೆ. ಅಳಿಸೋಕೆ ಮನಸ್ಸು ಬರ್ಲಿಲ್ಲ. ಪ್ರೀತಿ ಮಾಡ್ದೆ ಇದ್ದಿದ್ರೆ ವಾಪಸ್ ಕಳಿಸ್ತಿದ್ದೆ ಭೈರೇಶ್. ನೀನು ರಾಗಿ ಅಂತಿದ್ದೆ. ಮಾವ ಇರ್ತಿದ್ರು..."

ಭೈರೇಶ ಒಮ್ಮೆಲೇ ಎದ್ದ.

"ಕಳಿಸ್ಬೋದಿತ್ತಲ್ಲ ಸರಳಾ!" ಆ ಕೂಗಿಗೆ ಮರದ ಹಕ್ಕಿಗಳು ಹಾರಿದವು. "ಎಲ್ಲಾ ಕಳಿಸ್ದೋಳು ಅದೊಂದು ಕಳಿಸ್ಬೋದಿತ್ತಲ್ಲ! ಜಗಳಕ್ಕೇ ಬತ್ತಿದ್ನಲ್ಲ ನಾನು! ಅಪ್ಪ... ಅಪ್ಪ..."

ಅಷ್ಟರಲ್ಲಿ ಅವನ ದನಿ ಒಡೆಯಿತು. ಚಟ್ಟದ ಮುಂದೆಯೂ ಅಳದವನು, ತಿಥಿಯಲ್ಲೂ ಅಳದವನು, ಕೂಳೆಯ ನಡುವೆ ಮಂಡಿಯೂರಿ ಮಣ್ಣಿಗೆ ಹಣೆಯಿಟ್ಟು ಅತ್ತ. ಸರಳಾ ಅವನನ್ನು ಸಮಾಧಾನ ಮಾಡಲಿಲ್ಲ. ಆ ಹಕ್ಕು ತನಗಿಲ್ಲ ಎನ್ನಿಸಿತು. ಸ್ವಲ್ಪ ದೂರದಲ್ಲಿ ಕೂತು ಅವಳೂ ಅತ್ತಳು.

ಬಿಸಿಲು ಇಳಿಯತೊಡಗಿದಾಗ ಅವಳು ಎದ್ದು ಚೀಲ ಹೆಗಲಿಗೇರಿಸಿದಳು.

"ಪಕ್ಕದ ಹೊಲದಿಂದ ಶುರು ಮಾಡ್ತೀನಿ. ಬಿತ್ತೋದ್ರೊಳಗೆ ಎಲ್ಲಾ ಸರಿ ಮಾಡಿ ಹೋಗ್ತೀನಿ. ಆಮೇಲೆ ನಿನ್ನ ಕಣ್ಣಿಗೆ ಬೀಳಲ್ಲ."

ಅವಳು ಬದುವಿನ ತನಕ ಹೋಗಿದ್ದಳು.

"ಸರಳಾ."

ನಿಂತಳು. ತಿರುಗಲು ಧೈರ್ಯ ಬರಲಿಲ್ಲ.

ಅವನು ಎದುರಿಗೆ ಬಂದು ನಿಂತ. ಮಣ್ಣು ಮೆತ್ತಿದ ಹಣೆ, ಊದಿದ ಕಣ್ಣು.

"ಅದನ್ನ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕ್ ಹೇಳ್ದೆ?"

"ನಿನ್ನೊಬ್ಬನ ಮೇಲೆ ಹೇಗೆ ಬಿಡ್ಲಿ ಅದನ್ನ?"

ಭೈರೇಶ ಅವಳ ಹೆಗಲಿನಿಂದ ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ.

"ನಿನ್ ಮುಖ ನೋಡ್ದಾಗೆಲ್ಲ ಅಪ್ಪ ನೆನಪಾಗ್ತಾನೆ ಕಣೇ."

"ನಂಗೂ... ನಿನ್ನ ನೋಡ್ದಾಗೆಲ್ಲ."

"ಜೀವ ಇರೋಗಂಟ ಹಿಂಗೇ ಇರ್ತದೆ."

"ಇರ್ಲಿ."

"ಆದ್ರೂ ನನ್ ಜೊತೆ ಇರ್ತೀಯ?"

ಸರಳಾ ಅವನ ಹಣೆಯ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒರೆಸಿದಳು.

"ಆದ್ರೂ ಇರ್ತೀನಿ."